ಗೇಟ್ ಬಿದ್ದ ಮೇಲೆ



ಇವತ್ತು ಪಕ್ಷದ ಸುದ್ದಿ ಇಲ್ಲ, ಕುರ್ಚಿಯ ಸುದ್ದಿ ಇಲ್ಲ, ಯಾರು ಯಾರ ಮನೆಗೆ ಊಟಕ್ಕೆ ಹೋದರು ಅನ್ನೋ ಸುದ್ದಿಯೂ ಇಲ್ಲ. ಇವತ್ತು ನಾನು ಮಾತಾಡೋದು ಒಂದು ರೈಲ್ವೆ ಗೇಟಿನ ಬಗ್ಗೆ. ಇದೇನ್ರೀ, ಇಷ್ಟು ಹೊತ್ತಿನಲ್ಲಿ ಇಷ್ಟು ಸಣ್ಣ ವಿಷಯ ಅನ್ನಬೇಡಿ. ಕೊನೆವರೆಗೂ ಕೇಳಿ. ನಿಮ್ಮೂರಿನ ಮಧ್ಯೆ ರೈಲು ಹಳಿ ಹಾದು ಹೋಗಿದ್ದರೆ ಇದು ನಿಮ್ಮ ವಿಷಯವೂ ಹೌದು.

ನಾನು ಶಿರಹಟ್ಟಿ ಕಡೆಯವನು. ನಮ್ಮೂರಿಗೆ ರೈಲಿಲ್ಲ. ಚಿಕ್ಕವನಿದ್ದಾಗ ರೈಲು ನೋಡಬೇಕು ಅಂದರೆ ಬಸ್ಸು ಹತ್ತಿ ಗದಗಿನ ಕಡೆ ಹೋಗಬೇಕಿತ್ತು. ನಮ್ಮ ಚಿಗವ್ವನನ್ನು ಕೊಟ್ಟಿದ್ದು ರೈಲು ಹಾದಿಯ ಒಂದು ಊರಿಗೆ. ಆ ಊರಿನ ಹೆಸರು ಹೇಳೋದಿಲ್ಲ. ಹೇಳಿದರೆ ಉಳಿದ ಊರಿನವರು 'ಅದು ಅವರ ಸಮಸ್ಯೆ' ಅಂತ ಟಿವಿ ಬಂದ್ ಮಾಡ್ತಾರೆ.

ಬ್ಯಾಸಗಿ ಸೂಟಿಗೆ ಚಿಗವ್ವನ ಮನೆಗೆ ಹೋದರೆ ನಮಗೆ ಸಿನಿಮಾ ಬೇಕಾಗಿರಲಿಲ್ಲ, ಗೇಟ್ ಇತ್ತು. ಗೇಟ್ ಬೀಳೋ ಗಂಟೆ ಹೊಡೆದರೆ ಸಾಕು, ಹುಡುಗರೆಲ್ಲ ಓಡೋದು. ಬಸ್ಸಿನ ಡ್ರೈವರ್ ಎಂಜಿನ್ ಆರಿಸಿ ಕೆಳಗಿಳಿದು ಬೀಡಿ ಹಚ್ಚುತ್ತಿದ್ದ. ಊರಿನ ಡಾಕ್ಟರ್ ಸ್ಕೂಟರ್ ಮೇಲೆ, ಹಮಾಲ ತನ್ನ ಕೈಗಾಡಿ ಹಿಡಿದುಕೊಂಡು, ಶಾಲೆಯ ಮಾಸ್ತರು ಸೈಕಲ್ ಇಳಿದು, ಎಲ್ಲರೂ ಒಂದೇ ಸಾಲಿನಲ್ಲಿ ನಿಲ್ಲಬೇಕು. ಪೇರಲ ಹಣ್ಣಿನ ಬುಟ್ಟಿ, ಹುರಿದ ಶೇಂಗಾದ ಬುಟ್ಟಿ ಆ ಸಾಲಿನ ಉದ್ದಕ್ಕೂ ಓಡಾಡುತ್ತಿದ್ದವು. ನಾವು ಗೂಡ್ಸ್ ಗಾಡಿಯ ಡಬ್ಬಿ ಎಣಿಸುತ್ತಿದ್ದೆವು. ಯಾರ ಲೆಕ್ಕ ಸರಿ ಅನ್ನೋದಕ್ಕೆ ಸಂಜೆವರೆಗೂ ಜಗಳ. ಆ ಐದು-ಹತ್ತು ನಿಮಿಷದಲ್ಲಿ ಮಳೆ-ಬೆಳೆ, ಮದುವೆ-ಮುಂಜಿವೆ, ಯಾರ ಮನೆಯಲ್ಲಿ ಯಾರಿಗೆ ಆರಾಮ ಇಲ್ಲ, ಎಲ್ಲ ಸಮಾಚಾರ ಮುಗಿದು ಹೋಗುತ್ತಿತ್ತು.

ಕಳೆದ ಸಲ ಹೋದಾಗ ಗೇಟ್ ಇರಲಿಲ್ಲ. ಮೇಲ್ಸೇತುವೆ ಬಂದಿದೆ. ಒಳ್ಳೆಯದೇ ಆಯ್ತು, ನಾನು ಖುಷಿಪಟ್ಟೆ. ನನ್ನ ಕಾರು ಎಲ್ಲೂ ನಿಲ್ಲದೆ ಹಾರಿಕೊಂಡು ದಾಟಿತು. ಆಮೇಲೆ ಚಿಗವ್ವನ ಮನೆಗೆ ಹೋಗಲು ಸೇತುವೆಯ ಕೆಳಗಿನ ಹಳೆಯ ರಸ್ತೆಗೆ ತಿರುಗಿದೆ ನೋಡಿ, ಎದೆ ಧಸಕ್ಕಂದಿತು. ಗೇಟ್ ಇದ್ದ ಕಡೆ ಒಂದು ಗೋಡೆ. ಗೋಡೆಗೆ ತಾಗಿ ಕಸದ ಗುಡ್ಡೆ. ಗುಡ್ಡೆಯ ಮೇಲೆ ಹಂದಿ. ಪಕ್ಕದಲ್ಲಿ ಚಕ್ರ ಇಲ್ಲದ ಒಂದು ಆಟೋ, ಒಡೆದ ಬಾಟಲಿಗಳು. ಒಂದು ಕಾಲಕ್ಕೆ ಇಡೀ ಊರು ಸೇರುತ್ತಿದ್ದ ಜಾಗಕ್ಕೆ ಸಂಜೆ ಆರರ ಮೇಲೆ ಹೆಣ್ಣುಮಕ್ಕಳು ಕಾಲಿಡೋದಿಲ್ಲವಂತೆ. ಆದರೆ ಊರವರು ಇವತ್ತಿಗೂ ಅದನ್ನು 'ಗೇಟ್' ಅಂತಲೇ ಕರೆಯುತ್ತಾರೆ.

ಚಿಗವ್ವನಿಗೆ ಈಗ ಎಪ್ಪತ್ತರ ಮೇಲೆ. ಮೊಣಕಾಲು ನೋವು. ಮನೆ ಹಳಿಯ ಈ ಕಡೆ, ಪ್ಯಾಟಿ, ದವಾಖಾನೆ, ಗುಡಿ ಎಲ್ಲ ಆ ಕಡೆ. ಮೊದಲು ಐದು ನಿಮಿಷದ ಹಾದಿ. ಈಗ ಸೇತುವೆ ಹತ್ತಿ ಇಳಿಯಬೇಕು. ಸೇತುವೆಯ ಮೇಲೆ ನಡೆಯುವವರಿಗೆ ಸರಿಯಾದ ಜಾಗ ಇಲ್ಲ, ಲಾರಿ ಪಕ್ಕದಲ್ಲಿ ಹೋದರೆ ಸೀರೆಯ ಸೆರಗು ಹಾರುತ್ತೆ. ಹಾಗಾದರೆ ಹೇಗೆ ಹೋಗ್ತೀಯವ್ವಾ ಅಂತ ಕೇಳಿದೆ.

"ಗ್ವಾಡಿ ಒಂದ್ ಕಡೆ ಕೆಡವ್ಯಾರಪಾ ಹುಡುಗ್ರು. ಅಲ್ಲೇ ನುಸುಳಿ ಹಳಿ ದಾಟ್ತೀನಿ. ಎಲ್ಲಾರೂ ಹಂಗ ದಾಟ್ತಾರ," ಅಂದಳು. ಆಮೇಲೆ ನನ್ನ ಮುಖ ನೋಡಿ, "ಟಿವ್ಯಾಗ ದೊಡ್ಡ ದೊಡ್ಡ ಮಾತಾಡ್ತಿ. ನಮ್ ಗೇಟಿನ ಮಾತು ಯಾವಾಗ ಆಡ್ತಿ?" ಅಂದಳು.

ಅದಕ್ಕೇ ಇವತ್ತು ಆಡ್ತಾ ಇದೀನಿ.

ಮೊದಲು ಒಂದು ಮಾತು ಸ್ಪಷ್ಟ ಇರಲಿ. ನಾನು ಗೇಟ್ ಮುಚ್ಚೋದಕ್ಕೆ ವಿರೋಧಿ ಅಲ್ಲ. ಗೇಟಿನಲ್ಲಿ ಜೀವ ಹೋಗಿದೆ, ಮನೆಗಳು ಹಾಳಾಗಿವೆ. ಕಾವಲಿಲ್ಲದ ಗೇಟುಗಳು ಎಷ್ಟು ಜನರನ್ನು ನುಂಗಿದವು ಅನ್ನೋದು ನಮಗೆ ಗೊತ್ತು. 2019ರ ಜನವರಿ ಕೊನೆಯ ಹೊತ್ತಿಗೆ ಬ್ರಾಡ್‌ಗೇಜ್ ಹಾದಿಯಲ್ಲಿ ಕಾವಲಿಲ್ಲದ ಗೇಟುಗಳೆಲ್ಲವನ್ನೂ ರೈಲ್ವೆ ಇಲಾಖೆ ತೆಗೆದುಹಾಕಿತು. ಅದು ಸಣ್ಣ ಕೆಲಸವಲ್ಲ, ಶಹಬ್ಬಾಸ್ ಅನ್ನಬೇಕು. ನಮ್ಮ ಭಾಗಕ್ಕೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಬಂದಾಗ ಹಾಕಿದ್ದು ಮೀಟರ್‌ಗೇಜ್ ಹಳಿ. ಅಂದಿನ ಗಾಡಿಗೂ ಇಂದಿನ ಗಾಡಿಗೂ ಹೋಲಿಕೆ ಇಲ್ಲ. ಬ್ರಾಡ್‌ಗೇಜ್ ಆಯ್ತು, ವಿದ್ಯುತ್ ಎಂಜಿನ್ ಬಂತು, ಜೋಡಿ ಹಳಿ ಬಂತು. ಗಾಡಿಯ ವೇಗ ಹೆಚ್ಚು, ಸಂಖ್ಯೆ ಹೆಚ್ಚು. ಊರಿನ ನಡುವೆ ಗೇಟ್ ಇಟ್ಟುಕೊಂಡು ಆಂಬುಲೆನ್ಸ್‌ನಲ್ಲಿ ಹೆರಿಗೆ ಆಗೋದನ್ನು ಯಾರೂ ಬಯಸೋದಿಲ್ಲ.

ಹಾಗಾದರೆ ತಕರಾರು ಏನು? ಹೇಳ್ತೀನಿ.

ಎಲ್ಲಿ ಮೇಲ್ಸೇತುವೆ ಬೇಕು ಅನ್ನೋದನ್ನು ತೀರ್ಮಾನಿಸಲು ರೈಲ್ವೆಯವರ ಬಳಿ ಒಂದು ಅಳತೆಗೋಲಿದೆ. ಅದಕ್ಕೆ ಟಿವಿಯು ಅಂತಾರೆ, ಟ್ರೇನ್ ವೆಹಿಕಲ್ ಯೂನಿಟ್. ದಿನಕ್ಕೆ ಎಷ್ಟು ರೈಲು ಹೋಗುತ್ತವೆ, ಎಷ್ಟು ವಾಹನ ದಾಟುತ್ತವೆ, ಎರಡನ್ನೂ ಗುಣಿಸೋದು. ಐವತ್ತು ರೈಲು, ಎರಡು ಸಾವಿರ ವಾಹನ ಅಂದರೆ ಒಂದು ಲಕ್ಷ. ಲಕ್ಷ ಮುಟ್ಟಿದರೆ ರೈಲ್ವೆ ಮತ್ತು ರಾಜ್ಯ ಖರ್ಚು ಹಂಚಿಕೊಂಡು ಸೇತುವೆ ಕಟ್ಟುವ ಪದ್ಧತಿ ಇತ್ತು. ಆ ಲೆಕ್ಕದಲ್ಲಿ ಲಾರಿ ಇದೆ, ಕಾರು ಇದೆ, ಆಟೋ ಇದೆ, ಎತ್ತಿನ ಬಂಡಿಗೂ ಜಾಗ ಇದೆ. ನಮ್ಮ ಚಿಗವ್ವ ಇಲ್ಲ. ನಡೆಯುವವಳು ವಾಹನ ಅಲ್ಲವಲ್ಲ! ಲೆಕ್ಕದಲ್ಲಿ ಇಲ್ಲದವರು ನಕ್ಷೆಯಲ್ಲಿ ಎಲ್ಲಿಂದ ಬರ್ತಾರೆ? ಅದಕ್ಕೇ ಸೇತುವೆ ಆಗುತ್ತೆ, ಫುಟ್‌ಪಾತ್ ಆಗೋದಿಲ್ಲ. ಗೋಡೆ ಏಳುತ್ತೆ, ಗೋಡೆಯ ಆಚೆ ಹೋಗುವ ದಾರಿ ಏಳೋದಿಲ್ಲ.

ಆಮೇಲೆ ಅದೇ ಚಿಗವ್ವ ಹಳಿ ದಾಟಿದರೆ ಕಾನೂನು ಬರುತ್ತೆ. 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಅತಿಕ್ರಮ ಪ್ರವೇಶಕ್ಕೆ ಆರು ತಿಂಗಳವರೆಗೆ ಜೈಲು ಅಥವಾ ಒಂದು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ. ಕಾನೂನು ಸರಿ. ಹಳಿ ದಾಟೋದು ತಪ್ಪು, ಅಪಾಯ, ನೀವೂ ದಾಟಬೇಡಿ. ಆದರೆ ನಿನ್ನೆವರೆಗೆ ಆಕೆಯ ಹಾದಿಯಾಗಿದ್ದನ್ನು ಇವತ್ತು ಅಪರಾಧ ಮಾಡಿದ್ದು ಯಾರು? ಬೇರೆ ಹಾದಿ ಕೊಡದೆ ಬೀಗ ಹಾಕಿದ್ದು ಯಾರು?

ಇನ್ನು ಎರಡನೆಯ ಮಾತು. ಇದು ನನ್ನ ಇವತ್ತಿನ ಮುಖ್ಯ ಮಾತು. ಗೇಟ್ ಮುಚ್ಚಿದ ಮೇಲೆ ಆ ತುಂಡು ರಸ್ತೆ ಉಳಿಯಿತಲ್ಲ, ಅದು ಯಾರದು?

ಊರಿನ ನಟ್ಟನಡುವಿನ ಜಾಗ. ವಾಹನ ದಾಟೋ ಹಾಗಿಲ್ಲ, ಮುಂದೆ ಗೋಡೆ. ಅಂದರೆ ಯಾರೂ ಕೇಳದೆ, ಯಾರೂ ಹೋರಾಟ ಮಾಡದೆ, ಊರಿಗೆ ವಾಹನ ಇಲ್ಲದ ಒಂದು ಬೀದಿ ತಾನಾಗಿ ಸಿಕ್ಕಿದೆ. ದೊಡ್ಡ ದೊಡ್ಡ ನಗರಗಳು ಇಂಥ ಒಂದು ಬೀದಿಗಾಗಿ ವರ್ಷಗಟ್ಟಲೆ ಜಗಳ ಆಡುತ್ತವೆ. ನಾವು? ಅದನ್ನು ತಿಪ್ಪೆಗೆ ಬಿಟ್ಟಿದ್ದೇವೆ.

ಬೆಂಗಳೂರಿನ ಚರ್ಚ್ ಸ್ಟ್ರೀಟ್ ನೆನಪಿದೆಯಾ? 2020ರ ನವೆಂಬರ್‌ನಲ್ಲಿ ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಚಾಲನೆ ಕೊಟ್ಟರು. ವಾರಾಂತ್ಯದಲ್ಲಿ ಆ ಬೀದಿಗೆ ವಾಹನ ಬಂದ್. ನಗರ ಭೂಸಾರಿಗೆ ನಿರ್ದೇಶನಾಲಯ ಮಾಡಿದ ಪ್ರಯೋಗ, ಜೊತೆಗೆ ಭಾರತೀಯ ವಿಜ್ಞಾನ ಸಂಸ್ಥೆಯವರು ಗಾಳಿಯನ್ನು ಅಳೆದರು. ಮಕ್ಕಳು ನಡುರಸ್ತೆಯಲ್ಲಿ ಓಡಾಡಿದರು, ಗಿಟಾರ್ ಹಿಡಿದವರು ಹಾಡಿದರು, ಚಿತ್ರ ಬರೆಯುವವರು ಕೂತು ಬರೆದರು. ಕೆಲವು ಅಂಗಡಿಯವರು ಬೇಡ ಅಂದರು, ಗಾಡಿ ನಿಲ್ಲಿಸಲು ಜಾಗ ಎಲ್ಲಿ ಅಂದರು. 2021ರ ಫೆಬ್ರುವರಿವರೆಗೆ ನಡೆದು ನಿಂತಿತು. ಸೋತಿತಾ? ನನಗೆ ಹಾಗನ್ನಿಸೋದಿಲ್ಲ. ವಾಹನ ಓಡಾಡುವ ಬೀದಿಯಿಂದ ವಾಹನವನ್ನು ಕಳಿಸೋದು ಕಷ್ಟ ಅನ್ನೋದನ್ನು ಅದು ತೋರಿಸಿತು, ಅಷ್ಟೇ. ನಮ್ಮ ಗೇಟಿನ ಬೀದಿಯಲ್ಲಿ ಆ ಕಷ್ಟವೇ ಇಲ್ಲ, ಗಾಡಿ ಆಗಲೇ ಸೇತುವೆ ಹತ್ತಿ ಹೋಗಿದೆ.

ಅದು ಬೆಂಗಳೂರು, ನಮ್ಮೂರಿಗೆ ಇವೆಲ್ಲ ಯಾಕೆ ಅಂತೀರಾ? ನಮ್ಮೂರಿಗೆ ಇದು ಹೊಸದೇ ಅಲ್ಲ ಸ್ವಾಮಿ. ಶಿರಹಟ್ಟಿಯಲ್ಲಿ ಫಕೀರೇಶ್ವರರ ತೇರು ಎಳೆಯುವ ದಿನ ಆ ಬೀದಿಯಲ್ಲಿ ಯಾರಾದರೂ ಕಾರು ತರ್ತಾರಾ? ಗದಗಿನಲ್ಲಿ ತೋಂಟದಾರ್ಯ ಜಾತ್ರೆ ಬಂದರೆ ಆಟಿಗೆ ಅಂಗಡಿ, ಬಳೆ ಅಂಗಡಿ, ಬೆಂಡು-ಬತ್ತಾಸು ರಸ್ತೆಗೆ ಇಳಿಯೋದಿಲ್ವಾ? ಹಿಂದೂ-ಮುಸ್ಲಿಂ ಅನ್ನದೆ, ಬಡವ-ಸಾಹುಕಾರ ಅನ್ನದೆ ಎಲ್ಲರೂ ನಡೆದೇ ಬರ್ತಾರೆ. ಅವತ್ತು ಯಾರೂ 'ರಸ್ತೆ ಬಂದ್ ಮಾಡಿದರು, ವ್ಯಾಪಾರ ಹಾಳಾಯ್ತು' ಅಂತ ಅರ್ಜಿ ಕೊಡೋದಿಲ್ಲ. ರಸ್ತೆ ಬಂದ್ ಆದ ದಿನವೇ ವ್ಯಾಪಾರ ಜೋರು! ವರ್ಷಕ್ಕೊಮ್ಮೆ ತೇರಿಗೆ ಬೀದಿ ಬಿಟ್ಟುಕೊಡಲು ಗೊತ್ತಿರುವ ಊರಿಗೆ, ದಿನಾ ಸಂಜೆ ಮುದುಕರಿಗೆ, ಮಕ್ಕಳಿಗೆ ಒಂದು ಬೀದಿ ಬಿಟ್ಟುಕೊಡೋದು ಹೇಳಿಕೊಡಬೇಕಾ?

ಹೊರಗಿನ ಒಂದು ಉದಾಹರಣೆ ಕೊಡ್ತೀನಿ. ಆಸ್ಟ್ರೇಲಿಯಾದ ಮೆಲ್ಬರ್ನ್ ನಗರ. ಅಲ್ಲೂ ನಮ್ಮ ಹಾಗೇ ಊರಿನ ನಡುವೆ ಗೇಟುಗಳು, ನಮ್ಮ ಹಾಗೇ ವಾಹನದ ಸಾಲು. ಕಾಲ್‌ಫೀಲ್ಡ್‌ನಿಂದ ಡ್ಯಾಂಡೆನಾಂಗ್ ಕಡೆಗೆ ಹೋಗುವ ಹಾದಿಯಲ್ಲಿ ಒಂಬತ್ತು ಗೇಟುಗಳನ್ನು ತೆಗೆದರು. ಹೇಗೆ? ರಸ್ತೆಯನ್ನು ಎತ್ತಲಿಲ್ಲ, ರೈಲು ಹಳಿಯನ್ನೇ ಕಂಬಗಳ ಮೇಲೆ ಎತ್ತಿದರು. ಶುರುವಿನಲ್ಲಿ ಅಕ್ಕಪಕ್ಕದ ಮನೆಯವರು ದೊಡ್ಡ ಗಲಾಟೆ ಮಾಡಿದರು, ನಮ್ಮ ಹಿತ್ತಲ ಮೇಲೆ ರೈಲು ಓಡಿಸ್ತೀರಾ ಅಂತ. 2018ರಲ್ಲಿ ಕೆಲಸ ಮುಗಿಯಿತು. ಹಳಿಯ ಕೆಳಗೆ ಸಿಕ್ಕ ಜಾಗ ಇಪ್ಪತ್ತೆರಡೂವರೆ ಹೆಕ್ಟೇರ್, ಅಂದರೆ ಸುಮಾರು 55 ಎಕರೆ. ಅಲ್ಲಿ ನಡೆಯುವ ದಾರಿ, ಸೈಕಲ್ ದಾರಿ, ಆಟದ ಅಂಗಳ, ಗಿಡಮರ. ಹಳಿಯನ್ನು ಎತ್ತುವಷ್ಟು ದುಡ್ಡು ನಮ್ಮ ಸಣ್ಣ ಊರಿಗೆ ಇಲ್ಲ, ಒಪ್ಪಿದೆ. ಆದರೆ ಗೇಟ್ ತೆಗೆದ ಮೇಲೆ ಉಳಿಯುವ ಜಾಗ ಯಾರಿಗೆ ಅನ್ನೋ ಪ್ರಶ್ನೆಯನ್ನು ಅವರು ನಕ್ಷೆ ಬರೆಯುವಾಗಲೇ ಕೇಳಿಕೊಂಡರು. ಪ್ರಶ್ನೆ ಕೇಳೋದಕ್ಕೆ ದುಡ್ಡು ಬೇಕಿಲ್ಲ.

ಅಮೆರಿಕಾದಲ್ಲಿ ಇನ್ನೊಂದು ರೀತಿ. ಅಲ್ಲಿ ಒಂದು ಊರು ತನ್ನ ರೈಲ್ವೆ ಕ್ರಾಸಿಂಗನ್ನು ಶಾಶ್ವತವಾಗಿ ಮುಚ್ಚಲು ಒಪ್ಪಿದರೆ ಸರ್ಕಾರದ ಯೋಜನೆಯಲ್ಲಿ ಪ್ರೋತ್ಸಾಹಧನ ಇದೆ. ಮೊದಲು ಅದರ ಮಿತಿ 7,500 ಡಾಲರ್ ಇತ್ತು. 2021ರ ಮೂಲಸೌಕರ್ಯ ಕಾನೂನು ಅದನ್ನು ಒಂದು ಲಕ್ಷ ಡಾಲರ್‌ಗೆ ಏರಿಸಿತು. ಅಂದರೆ ಏನು? ಊರಿನ ಒಪ್ಪಿಗೆಗೆ ಅಲ್ಲಿ ಬೆಲೆ ಇದೆ.

ನಮ್ಮಲ್ಲೂ ಒಪ್ಪಿಗೆ ಬೇಕು ವೀಕ್ಷಕರೇ! ಇದು ತುಂಬಾ ಜನಕ್ಕೆ ಗೊತ್ತಿಲ್ಲ. ಸೇತುವೆ ಕೆಲಸ ಶುರುವಾಗುವ ಮೊದಲು, ಕೆಲಸ ಮುಗಿದ ಮೇಲೆ ಗೇಟ್ ಮುಚ್ಚಲು ನಮ್ಮ ಒಪ್ಪಿಗೆ ಇದೆ ಅಂತ ರಾಜ್ಯದ ಕಡೆಯಿಂದ ಬರೆದುಕೊಡಬೇಕು. ಸಂಸತ್ತಿನಲ್ಲಿ ಸೇತುವೆಗಳು ಯಾಕೆ ತಡ ಅಂತ ಕೇಳಿದಾಗಲೆಲ್ಲ ರೈಲ್ವೆ ಸಚಿವರು ಕೊಡುವ ಕಾರಣಗಳ ಪಟ್ಟಿಯಲ್ಲಿ ಈ ಒಪ್ಪಿಗೆಯ ಮಾತೂ ಇರುತ್ತೆ. ಆ ಕಾಗದಕ್ಕೆ ಸಹಿ ಬೀಳುವ ದಿನ ನಮ್ಮ ಕೈ ಮೇಲಿರುತ್ತೆ. ಸಹಿ ಬಿದ್ದ ಮಾರನೇ ದಿನ ಅದೇ ಕೈ ಕೆಳಗೆ. ಅದಕ್ಕೇ ನಗರಸಭೆ, ಪುರಸಭೆ, ಪಟ್ಟಣ ಪಂಚಾಯತಿಯ ಸದಸ್ಯರಿಗೆ ಹೇಳ್ತಾ ಇದೀನಿ: ಸಹಿಗೆ ಮೊದಲೇ ಠರಾವು ಮಾಡಿ. ಏನಂತ?

ಮೊದಲು ನಡೆಯುವವರ ಹಾದಿ, ಆಮೇಲೆ ಬೀಗ. ಇದು ಮೊದಲನೇ ಷರತ್ತು. ಗೇಟ್ ಇದ್ದ ಜಾಗದಲ್ಲೇ ಕೆಳಗಿನಿಂದ ಹೋಗುವ ಸಣ್ಣ ದಾರಿ ಮಾಡಿ, ಅಥವಾ ಇಳಿಜಾರು ಇರುವ ಕಾಲುಸೇತುವೆ ಕಟ್ಟಿ. ಬರೀ ಮೆಟ್ಟಿಲು ಕಟ್ಟಿದರೆ ಮೊಣಕಾಲು ನೋವಿನವರು, ಗಾಲಿಕುರ್ಚಿಯವರು ಎಲ್ಲಿಗೆ ಹೋಗಬೇಕು? ಕೆಳದಾರಿ ಮಾಡಿದರೆ ನೀರು ಹರಿದು ಹೋಗುವ ವ್ಯವಸ್ಥೆಯನ್ನು ಮೊದಲು ಮಾಡಿ. ನಮ್ಮ ಎರೆ ನೆಲದಲ್ಲಿ ಒಂದು ದೊಡ್ಡ ಮಳೆ ಬಿದ್ದರೆ ಕೆಳಸೇತುವೆ ಕೆರೆ ಆಗುತ್ತೆ. ಎಷ್ಟು ಸಲ ನಾವೇ ತೋರಿಸಿಲ್ಲ, ಬಸ್ಸು ಮುಳುಗಿದ್ದನ್ನು, ಟ್ರ್ಯಾಕ್ಟರ್ ತಂದು ಎಳೆದಿದ್ದನ್ನು?

ಎರಡನೆಯದು, ಹಳಿಯ ಎರಡೂ ಕಡೆ ಉಳಿಯುವ ತುಂಡು ರಸ್ತೆ ಊರಿನ ಅಂಗಳ ಅಂತ ದಾಖಲೆಯಲ್ಲಿ ಬರೆಯಿರಿ. ರೈಲ್ವೆ ಗಡಿ ಎಲ್ಲಿವರೆಗೆ, ಊರಿನ ಗಡಿ ಎಲ್ಲಿಂದ ಅಂತ ಗುರುತು ಹಾಕಿ. ಗುರುತಿಲ್ಲದ ಜಾಗ ಎರಡು ಇಲಾಖೆಗಳ ನಡುವೆ ಬಿದ್ದು ತಿಪ್ಪೆ ಆಗುತ್ತೆ. ರೈಲ್ವೆ ಕಡೆ ಗಟ್ಟಿ ಬೇಲಿ ಇರಲಿ, ಮಕ್ಕಳು ಹಳಿಗೆ ಹೋಗಬಾರದು. ಬೇಲಿಯ ಈಚೆ ನಾಲ್ಕು ಬೇವಿನ ಗಿಡ, ಕೂರಲು ಕಟ್ಟೆ, ಕುಡಿಯುವ ನೀರು, ದೀಪ, ಹೆಣ್ಣುಮಕ್ಕಳಿಗೆ ಒಂದು ಶೌಚಾಲಯ. ಸೇತುವೆಗೆ ಕೋಟಿಗಟ್ಟಲೆ ಸುರಿದವರಿಗೆ ಇದು ಚಿಲ್ಲರೆ ಕಾಸು.

ಮೂರನೆಯದು, ವ್ಯಾಪಾರ. ಚಿಗವ್ವನ ಮನೆಯ ಹತ್ತಿರ ಪೇರಲ ಹಣ್ಣು ಮಾರುತ್ತಿದ್ದ ಅಜ್ಜಿಯನ್ನು ಕೇಳಿದೆ, ಈಗ ವ್ಯಾಪಾರ ಹೇಗಿದೆ ಅಂತ. ಆಕೆ ಅಂದಿದ್ದು ಕೇಳಿ: "ಗೇಟ್ ಬಿದ್ದಾಗ ನಮ್ಮ ಹೊಟ್ಟಿ ತುಂಬ್ತಿತ್ರೀ. ಈಗ ಎಲ್ಲಾರೂ ತೆಲಿ ಮ್ಯಾಲೆ ಹೊಂಟಾರ." ಸೇತುವೆಯಿಂದ ಊರಿಗೆ ಎಷ್ಟು ಲಾಭ ಆಯ್ತು ಅಂತ ಲೆಕ್ಕ ಹಾಕುವವರು ಈ ಅಜ್ಜಿಯ ನಷ್ಟವನ್ನು ಎಲ್ಲಿ ಬರೆದುಕೊಂಡಿದ್ದಾರೆ? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ಊರಿನ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ಸದಸ್ಯರು ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು ಇರಬೇಕು ಅಂತ ಅದರಲ್ಲೇ ಬರೆದಿದೆ. ಆ ಸಮಿತಿ ಸೇರಲಿ, ಗೇಟಿನ ಅಂಗಳದಲ್ಲಿ ಮೊದಲ ಜಾಗ ಗೇಟನ್ನೇ ನಂಬಿ ಬದುಕಿದವರಿಗೆ ಕೊಡಲಿ. ನಡೆಯುವವರು ಬಂದರೆ ಪೇರಲ ಹಣ್ಣು ತಾನಾಗಿ ಮಾರಾಟ ಆಗುತ್ತೆ.

ಈಗ ನಿಮ್ಮ ಪ್ರಶ್ನೆಗಳು. ಅಂಗಡಿ ಮುಂದೆ ಗಾಡಿ ಬರದಿದ್ದರೆ ಗಿರಾಕಿ ಬರೋದಿಲ್ಲ ಅಂತ ಅಂಗಡಿಯವರ ಭಯ. ಆ ಭಯ ಸುಳ್ಳಲ್ಲ, ಸಾಲ ಮಾಡಿ ಅಂಗಡಿ ಹಾಕಿದವನಿಗೆ ಅದು ಇರಲೇಬೇಕು. ಡೆನ್ಮಾರ್ಕ್‌ನ ಕೋಪನ್‌ಹೇಗನ್‌ನಲ್ಲಿ 1962ರಲ್ಲಿ ಊರಿನ ಮುಖ್ಯ ಬೀದಿಗೆ ಕಾರು ಬಂದ್ ಮಾಡಿದಾಗ ಅಲ್ಲಿನ ಅಂಗಡಿಯವರೂ ಇದೇ ಮಾತಾಡಿದ್ದರು. ಆ ಬೀದಿ ಇವತ್ತು ಆ ನಗರದ ದೊಡ್ಡ ಪೇಟೆ. ಆದರೂ ಹೊರಗಿನ ಊರನ್ನು ನೋಡಿ ಕಣ್ಣು ಮುಚ್ಚಿ ಮಾಡಬೇಡಿ. ಮೂರು ತಿಂಗಳು ಮಾಡಿ ನೋಡಿ. ಮಾಲು ಇಳಿಸುವ ಗಾಡಿಗೆ ಬೆಳಗಿನ ಹೊತ್ತು ಬಿಡಿ. ಆಂಬುಲೆನ್ಸ್, ಅಗ್ನಿಶಾಮಕ ಗಾಡಿ ಬಂದರೆ ಎತ್ತಿ ಬದಿಗಿಡುವಂಥ ಕಂಬಗಳನ್ನು ಹಾಕಿ. ತಪ್ಪಾದರೆ ತಿದ್ದಿಕೊಳ್ಳೋಣ. ಗೋಡೆ ಕಟ್ಟಿದ್ದು ಮಾತ್ರ ತಿದ್ದಲಾಗದು ಅಂತ ಎಲ್ಲಿ ಬರೆದಿದೆ?

ಇನ್ನು ಕೆಲವರು ಹೇಳ್ತಾರೆ, ಕಟ್ಟೆ ಕಟ್ಟಿದರೆ ಕುಡುಕರು ಬಂದು ಕೂರುತ್ತಾರೆ. ಈಗ ಯಾರು ಕೂತಿದ್ದಾರೆ ಸ್ವಾಮಿ? ದೀಪ ಇಲ್ಲದ, ಜನ ಇಲ್ಲದ ಜಾಗವೇ ಅವರಿಗೆ ಬೇಕು. ಸಂಜೆ ಹೆಂಗಸರು, ಮಕ್ಕಳು ಬಂದು ಕೂತ ಕಡೆ ಅವರು ಎಷ್ಟು ಹೊತ್ತು ಇರ್ತಾರೆ?

ಎಲ್ಲ ಗೇಟೂ ಹೀಗೇ ಆಗಬೇಕು ಅಂತಲೂ ನಾನು ಹೇಳೋದಿಲ್ಲ. ಬದಲಿ ಹಾದಿ ಇಲ್ಲದ ಕಡೆ, ಹೊಲಕ್ಕೆ ಹೋಗುವ ಬಂಡಿಗೆ ಮೈಲುಗಟ್ಟಲೆ ಸುತ್ತು ಬೀಳುವ ಕಡೆ, ಮುಚ್ಚೋದಕ್ಕೆ ಒಪ್ಪಲೇಬೇಡಿ. ನಾನು ಹೇಳ್ತಿರೋದು ಊರೊಳಗಿನ ಗೇಟಿನ ಬಗ್ಗೆ, ಹೇಗೂ ಮುಚ್ಚಿಯೇ ಹೋಗುವ ಗೇಟಿನ ಬಗ್ಗೆ.

ಗದಗಿಗೆ ಹೋದವರಿಗೆ ಟಾಂಗಾಕೂಟ ಗೊತ್ತು. ಟಾಂಗಾ ಹೋದವು, ಹೆಸರು ಉಳಿಯಿತು. ಬೆಳಗಾವಿಯ ಟಿಳಕವಾಡಿಯಲ್ಲಿ ಮೊದಲನೇ ಗೇಟ್, ಎರಡನೇ ಗೇಟ್, ಮೂರನೇ ಗೇಟ್ ಅಂದರೆ ಅದು ಜನರ ವಿಳಾಸ. ಹೆಸರನ್ನು ಊರು ಇಷ್ಟು ಜೋಪಾನ ಮಾಡುತ್ತೆ ಅಂದರೆ ಆ ಜಾಗದ ಮೇಲೆ ಜೀವ ಇದೆ ಅಂತ ಅರ್ಥ. ಜಾಗವನ್ನೂ ಹಾಗೇ ಜೋಪಾನ ಮಾಡಬೇಕು.

ಕೊನೆಗೆ ನಮ್ಮ ಶಿರಹಟ್ಟಿಯವರಿಗೆ, ಲಕ್ಷ್ಮೇಶ್ವರದವರಿಗೆ ಒಂದು ಮಾತು. ಗದಗ–ಯಲವಿಗಿ ಹೊಸ ರೈಲು ಮಾರ್ಗದ ಮಾತನ್ನು ನಾವು ಎಷ್ಟೋ ವರ್ಷಗಳಿಂದ ಕೇಳುತ್ತಾ ಬಂದಿದ್ದೇವೆ. ರೈಲು ಬರಲಿ, ಬೇಗ ಬರಲಿ, ಅದಕ್ಕಾಗಿ ಹೋರಾಡಿದವರ ಕಾಲು ನಮಸ್ಕರಿಸ್ತೀನಿ. ಹೊಸ ಮಾರ್ಗದಲ್ಲಿ ಈಗ ಗೇಟ್ ಇಡೋದಿಲ್ಲ, ಮೇಲ್ಸೇತುವೆ, ಕೆಳಸೇತುವೆಗಳೇ. ಅಂದರೆ ನಕ್ಷೆ ಬರೆದ ದಿನವೇ ನಿಮ್ಮ ಹಾದಿ ತೀರ್ಮಾನ ಆಗುತ್ತೆ. ರೈಲು ಬಂದ ಸಂಭ್ರಮದಲ್ಲಿ ಹಾರ ಹಾಕಲು ಓಡುವ ಮೊದಲು ನಕ್ಷೆ ತರಿಸಿಕೊಂಡು ನೋಡಿ. ಹೈಸ್ಕೂಲಿಗೆ ಹೋಗುವ ಹುಡುಗಿ ಎಲ್ಲಿ ದಾಟುತ್ತಾಳೆ, ಸಂತೆಗೆ ಬುಟ್ಟಿ ಹೊತ್ತವಳು ಎಲ್ಲಿ ದಾಟುತ್ತಾಳೆ, ದನ ಎಲ್ಲಿ ದಾಟುತ್ತವೆ ಅಂತ ಬೆರಳಿಟ್ಟು ಕೇಳಿ. ಉತ್ತರ ಸಿಗುವವರೆಗೆ ಬೆರಳು ತೆಗೆಯಬೇಡಿ.

ಊರಿಂದ ಹೊರಡುವಾಗ ಚಿಗವ್ವ ಬಾಗಿಲವರೆಗೆ ಬಂದಳು. ಹಳಿ ದಾಟಬೇಡವ್ವ, ಗಾಡಿ ಜೋರು ಬರ್ತವೆ ಈಗ ಅಂದೆ. ಆಕೆ ನಕ್ಕಳು. "ದಾಟಬ್ಯಾಡ ಅನ್ನೋರು ಭಾಳ ಮಂದಿ ಅದಾರಪಾ. ಎಲ್ಲಿ ದಾಟ್ಲಿ ಅಂತ ಹೇಳೋರು ಒಬ್ರೂ ಇಲ್ಲ."

ಉತ್ತರ ನನ್ನ ಹತ್ತಿರ ಇರಲಿಲ್ಲ. ಉತ್ತರ ಕೊಡಬೇಕಾದವರು ಈ ಕಾರ್ಯಕ್ರಮ ನೋಡ್ತಾ ಇದ್ದರೆ, ಅವಳ ಪ್ರಶ್ನೆಯನ್ನು ಅವಳ ಮಾತಿನಲ್ಲೇ ನಿಮಗೆ ಮುಟ್ಟಿಸಿದ್ದೇನೆ.